ಅತ್ತಿಗೆಯ ನರ್ಸರಿಯಲ್ಲಿ ಹಾದುಹೋದ ಕೇಬಲ್ಲು

ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಅವನನ್ನು ಪೆಟ್ಟಿಗೆಯಣ್ಣ ಎಂದೇ ಕರೆಯುತ್ತಿದ್ದರು. ಅವನು ಖಗೋಳ ವಿಭಾಗದ ವ್ಯಾನ್ ಡ್ರೈವರ್. ದೂರದರ್ಶಕವು ಆಕಾಶ ನೋಡಿ ಕಲೆಹಾಕಿದ್ದನ್ನೆಲ್ಲ ಹಾರ್ಡ್ ಡಿಸ್ಕುಗಳಿಗೆ ತುಂಬಿ, ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ಅದನ್ನು ಇನ್ನೊಂದು ಊರಿನ ದೊಡ್ಡ ಕಂಪ್ಯೂಟರ್ ಕೇಂದ್ರಕ್ಕೆ ಮುಟ್ಟಿಸುವುದು ಅವನ ಕೆಲಸ. ಇಂಟರ್ನೆಟ್ಟಿನಲ್ಲೇ ಕಳಿಸಬಾರದೆ ಎಂದು ಅವನು ಒಮ್ಮೆ ಕೇಳಿದ್ದಕ್ಕೆ ವಿಭಾಗದ ಮುಖ್ಯಸ್ಥೆ ನಕ್ಕಿದ್ದರು. "ನಮ್ಮ ಲೈನು ಆಮೆ ಕಣಪ್ಪಾ. ಒಂದು ಪೆಟ್ಟಿಗೆ ಆ ಕಡೆ ಮುಟ್ಟೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ. ನಿನ್ನ ವ್ಯಾನೇ ವಾಸಿ."

ಹೀಗೆ ವಾರವಾರವೂ ಹೋಗುವುದು, ಅಲ್ಲಿ ಡಿಸ್ಕು ಖಾಲಿಯಾಗುವವರೆಗೆ ಕಾಯುವುದು, ಮರುದಿನ ತಿರುಗಿ ಬರುವುದು. ಮಗಳು ಹುಟ್ಟಿದ ಹೊಸತರಲ್ಲಿ ಹೆಂಡತಿಯ ಆರೋಗ್ಯ ಕೈಕೊಟ್ಟಿತು. ಅವನು ಊರಲ್ಲಿಲ್ಲದ ದಿನಗಳಲ್ಲಿ ತಾಯಿ ಮಗು ಇಬ್ಬರನ್ನೂ ನೋಡಿಕೊಂಡವಳು ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಗಿಡಗಳ ನರ್ಸರಿ ನಡೆಸುತ್ತಿದ್ದಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಗಿಡಗಳಿಗೆ ನೀರು ಹಾಕಿದವಳು. ಅದಕ್ಕೊಂದು ಕೃತಜ್ಞತೆಯ ಮಾತು ಹೇಳಬೇಕೆಂದು ಅವನ ನಾಲಿಗೆಯ ತುದಿಗೆ ಎಷ್ಟೋ ಸಲ ಬಂದಿತ್ತು. ಮನೆಯವರಿಗೆ ಹಾಗೆಲ್ಲ ಹೇಳುವುದು ಹೇಗೆ ಎಂದು ನುಂಗಿಕೊಂಡಿದ್ದ.

ಒಂದು ಮಳೆಗಾಲದಲ್ಲಿ ತಿರುವಿನಲ್ಲಿ ವ್ಯಾನು ಜಾರಿ ಹಳ್ಳಕ್ಕೆ ಇಳಿಯಿತು. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಪೆಟ್ಟಿಗೆ ಮಾತ್ರ ಒಡೆದು ಕೆಸರು ನೀರಿನಲ್ಲಿ ತೇಲಿತು. ಅದರಲ್ಲಿದ್ದದ್ದು ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿಯ ಅಷ್ಟೂ ದಿನದ ದುಡಿಮೆ. ಡಿಸ್ಕುಗಳು ಸಾಲದೆ ಪ್ರತಿಯನ್ನೂ ಉಳಿಸಿರಲಿಲ್ಲ. ಅವಳೆದುರು ಅವನು ತಲೆ ತಗ್ಗಿಸಿ ನಿಂತ. ಅವಳು ಮೊದಲು ಕೇಳಿದ್ದು, "ಅಣ್ಣಾ, ನಿಮಗೇನೂ ಆಗ್ಲಿಲ್ಲ ತಾನೆ?" ಎಂದು. ಆಮೇಲೆ ಕಾರಿಡಾರಿನ ಕೊನೆಗೆ ಹೋಗಿ ಗೋಡೆಗೆ ಮುಖಮಾಡಿ ಅತ್ತಳು.

ಮುಂದಿನ ವರ್ಷ ಸುದ್ದಿ ಬಂತು. ಸಂಶೋಧನಾ ಸಂಸ್ಥೆಗಳನ್ನು ಒಂದಕ್ಕೊಂದು ಜೋಡಿಸುವ ವೇಗದ ಕಂಪ್ಯೂಟರ್ ಜಾಲವು ರೈಲು ಹಳಿಯ ಪಕ್ಕದಲ್ಲೇ ನಿಲ್ದಾಣದವರೆಗೂ ಬಂದಿದೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಕೇಬಲ್ ಎಳೆದರೆ ಮುಗಿಯಿತು. ಆದರೆ ಮುಖ್ಯರಸ್ತೆಗೆ ಆಗಷ್ಟೇ ಡಾಂಬರು ಹಾಕಿದ್ದರು, ಅಗೆಯಲು ನಗರಸಭೆ ಸುತರಾಂ ಒಪ್ಪಲಿಲ್ಲ. ಉಳಿದದ್ದು ಹಿಂದಿನ ಓಣಿ. ಅದು ಹೋಗಿ ಮುಟ್ಟುತ್ತಿದ್ದದ್ದು ಅತ್ತಿಗೆಯ ನರ್ಸರಿಗೆ, ಅದರೊಳಗಿಂದ ಹಾದರೆ ಮಾತ್ರ ವಿಶ್ವವಿದ್ಯಾಲಯ. ಕೇಳಲು ಹೋದ ಎಂಜಿನಿಯರು ಬೈಸಿಕೊಂಡು ಬಂದರು.

"ನಾನು ಮಾತಾಡಿ ನೋಡ್ತೀನಿ ಸಾರ್," ಎಂದ ಪೆಟ್ಟಿಗೆಯಣ್ಣ.

ಪಕ್ಕದಲ್ಲಿದ್ದ ಇನ್ನೊಬ್ಬ ಡ್ರೈವರ್ ಅವನ ತೋಳು ಹಿಡಿದೆಳೆದ. "ತಲೆ ಕೆಟ್ಟಿದೆಯೇನೋ? ಲೈನು ಬಂದ್ರೆ ಪೆಟ್ಟಿಗೆ ಯಾರಿಗೆ ಬೇಕು? ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋತೀಯಾ?"

ಆ ಯೋಚನೆ ಅವನಿಗೂ ಬಾರದೆ ಇರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಚುತ್ತಲೇ, "ವ್ಯಾನು ಹಳ್ಳಕ್ಕೆ ಬಿದ್ದ ದಿನ ನನ್ನ ಜೀವ ಬಾಯಿಗೆ ಬಂದಿತ್ತು. ಹೋಗಿ ಕೇಳ್ರಿ," ಎಂದಳು.

ಅತ್ತಿಗೆ ಕುಂಡಕ್ಕೆ ಮಣ್ಣು ತುಂಬುತ್ತಿದ್ದಳು. "ನೀನೂ ಅದಕ್ಕೇ ಬಂದ್ಯಾ? ಹಿಂದೆ ನೀರಿನ ಪೈಪಿನವರು ಅಗೆದು ಹಾಗೇ ಬಿಟ್ಟು ಹೋದ್ರು. ಕಾಂಪೌಂಡ್ ಬಿತ್ತು, ಗುಲಾಬಿ ಸಾಲೆಲ್ಲ ನೆಲ ಕಚ್ಚಿತು. ಯಾರಾದ್ರೂ ತಿರುಗಿ ನೋಡಿದ್ರಾ?"

"ಈ ಸಲ ನಾನೇ ನಿಂತಿರ್ತೀನಿ ಅತ್ತಿಗೆ. ಮಣ್ಣು ಮುಚ್ಚೋವರೆಗೂ ಅಲ್ಲಾಡಲ್ಲ."

"ಲೈನು ಬಂದ್ರೆ ನಿನ್ನ ಕೆಲ್ಸ?"

"ಗೊತ್ತಿಲ್ಲ."

"ಮತ್ಯಾಕೆ ಬಂದೆ?"

ಅವನು ಆ ಹುಡುಗಿಯ ವಿಷಯ ಹೇಳಿದ. "ಬೈದಿದ್ರೆ ಮರೆತುಬಿಡ್ತಿದ್ದೆ ಅತ್ತಿಗೆ. ನಿಮಗೇನೂ ಆಗ್ಲಿಲ್ಲ ತಾನೆ ಅಂದಳಲ್ಲ, ಅದು ಕರುಳು ಹಿಂಡುತ್ತೆ."

ಅತ್ತಿಗೆ ಕೈಗಂಟಿದ್ದ ಮಣ್ಣು ಕೊಡವಿಕೊಂಡಳು. "ಗುಲಾಬಿ ಮುಟ್ಟಿದ್ರೆ ನಿನ್ನ ಕಾಲು ಮುರೀತೀನಿ," ಎಂದಳು. ಒಪ್ಪಿಗೆ ಸಿಕ್ಕಿತು.

ಅವನು ರಜೆ ಹಾಕಿದ. ಯಂತ್ರ ಬೇಡವೆಂದು ಹಠ ಹಿಡಿದು, ಕೂಲಿಯವರ ಜೊತೆ ತಾನೂ ಗುದ್ದಲಿ ಹಿಡಿದ. ಒಂದೊಂದೇ ಕುಂಡವನ್ನು ಎತ್ತಿ ನೆರಳಿಗಿಟ್ಟ. ಗುಲಾಬಿಯ ಬೇರು ಸಿಕ್ಕಲ್ಲೆಲ್ಲ ಕಾಲುವೆಯನ್ನು ಓರೆಯಾಗಿ ತಿರುಗಿಸಿದ. ಕಪ್ಪು ಪೈಪು ಮಲಗಿತು, ಅದರೊಳಗೆ ಕೇಬಲ್ಲು ಹರಿಯಿತು, ಮೇಲೆ ಮಣ್ಣು ಕೂತಿತು. ಕೊನೆಯ ಕುಂಡವನ್ನು ಜಾಗಕ್ಕಿಟ್ಟಾಗ ಅತ್ತಿಗೆ ಒಂದು ಚೊಂಬು ನೀರು ತಂದುಕೊಟ್ಟಳು. ಕುಡಿದು ಮುಗಿಸುವಷ್ಟರಲ್ಲಿ ಅವನ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಅತ್ತಿಗೆ, ಆವತ್ತು ನೀವಿಲ್ಲದೇ ಹೋಗಿದ್ರೆ ಇವಳೂ ಉಳೀತಿರ್ಲಿಲ್ಲ, ಮಗೂನೂ ಉಳೀತಿರ್ಲಿಲ್ಲ. ನಾನು ಒಂದು ದಿನಾನೂ ಹೇಳ್ಲಿಲ್ಲ."

"ಸಾಕು, ಸುಮ್ನಿರು," ಎಂದಳು ಅತ್ತಿಗೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಳು ಧೂಳು," ಎಂದು ಗೊಣಗಿದಳು. ಅವನೂ ಧೂಳು ಎಂದೇ ಒಪ್ಪಿಕೊಂಡ.

ಜಾಲ ಶುರುವಾದ ದಿನ ವಿಭಾಗದ ಮುಖ್ಯಸ್ಥೆ ಮೇಡಂ ಅತ್ತಿಗೆಯನ್ನೂ ಕರೆಸಿದರು. ವಿಭಾಗದ ತಣ್ಣನೆಯ ಸಣ್ಣ ಕೋಣೆಯೊಂದರಲ್ಲಿ ಅದೇ ಹುಡುಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕೆಲಸವನ್ನು ಮೊದಲಿನಿಂದ ಮತ್ತೆ ಶುರುಮಾಡಿ ಅರ್ಧದವರೆಗೆ ತಂದಿದ್ದಳು. ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬೆಳೆಯುತ್ತಾ ಹೋಯಿತು. ಎಲ್ಲರೂ ಚಹಾ ಕುಡಿದು ಲೋಟ ಇಡುವ ಹೊತ್ತಿಗೆ ಅದು ತುಂಬಿತು.

"ಒಂದು ಪೆಟ್ಟಿಗೆ ಪೂರ್ತಿ ಅಲ್ಲಿಗೆ ತಲುಪ್ತು," ಎಂದರು ಮೇಡಂ.

"ಹೋಯ್ತಾ? ನನ್ನ ಗುಲಾಬಿ ಕೆಳಗಿಂದಾನೇ?" ಅತ್ತಿಗೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಒಂಚೂರು ಸದ್ದಾದ್ರೂ ಬೇಡ್ವಾ!"

ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿ ಎದ್ದು ಬಂದು ಅತ್ತಿಗೆಯ ಒರಟು ಕೈಗಳನ್ನು ಹಿಡಿದುಕೊಂಡಳು. ಆಮೇಲೆ ಪೆಟ್ಟಿಗೆಯಣ್ಣನ ಕಡೆ ತಿರುಗಿದಳು. ಅವನನ್ನು ನೋಡಿ ಒಮ್ಮೆ ತಲೆಯಾಡಿಸಿದಳು. ಅವನಿಗೆ ಅಷ್ಟೇ ಸಾಕಾಯಿತು.

ಹೊರಗೆ ಬಂದು ಅವನು ವ್ಯಾನಿನ ಕೀಲಿಯನ್ನು ಮೇಡಂ ಮುಂದೆ ಚಾಚಿದ. "ಇನ್ನು ಇದರ ಕೆಲ್ಸ ಇರಲ್ಲ ಅಲ್ವಾ ಮೇಡಂ?"

"ನಿನ್ನ ಬಿಟ್ಟುಕೊಡೋಕೆ ನಮಗೇನು ಹುಚ್ಚೇ? ಶಾಲೆ ಮಕ್ಕಳು ದೂರದರ್ಶಕ ನೋಡಬೇಕು ಅಂತ ಎಷ್ಟು ದಿನದಿಂದ ಕೇಳ್ತಿದ್ದಾರೆ, ಕರ್ಕೊಂಡು ಬರೋಕೆ ಗಾಡಿ ಎಲ್ಲಿ ಬಿಡುವಿತ್ತು? ಸೀಟು ಹಾಕಿಸ್ಕೊಂಡು ಬಾ, ಹೋಗು."

ಸೀಟು ಹಾಕಿಸಿದರು. ಈಗ ಅವನ ಹಿಂದೆ ಮಕ್ಕಳ ಗಲಾಟೆ, ಹಾಡು, ವಾಂತಿ ಎಲ್ಲ ಇರುತ್ತದೆ. ಬೇರೆ ಊರಿನಲ್ಲಿ ಮಲಗುವ ಪ್ರಸಂಗವೇ ಇಲ್ಲ. ಮೊದಲ ಸಲ ಮಕ್ಕಳನ್ನು ಕರೆತಂದಾಗ ಅವರ ನಡುವೆ ಅವನ ಮಗಳೂ ಇದ್ದಳು. ಅವಳು ಅಪ್ಪನ ಕೈ ಬಿಡಿಸಿಕೊಂಡು ಓಡಿಹೋಗಿ, ಎಲ್ಲರಿಗಿಂತ ಮುಂದೆ ನಿಂತು ಆಕಾಶ ನೋಡಿದಳು.