ಸೈಕಲ್ ಅಂಗಡಿಯ ಓದಿಕಿ

ತಿಪ್ಪೇರುದ್ರಪ್ಪ ಅವತ್ತು ನಕ್ಕಿದ್ದನ್ನು ಹಂಪಯ್ಯ ಇವತ್ತಿಗೂ ಬಿಟ್ಟಿಲ್ಲ. ತಿಪ್ಪೇರುದ್ರಪ್ಪನ ಮಗನ ಮದುವೆಗೆ ಹೋದ, ಹೋಳಿಗೆ ಕೇಳಿ ಹಾಕಿಸಿಕೊಂಡು ಉಂಡ, ನಾಲ್ಕು ಜನರ ಎದುರಿಗೆ ಹತ್ತು ರೂಪಾಯಿ ಮುಯ್ಯಿ ಓದಿಸಿಯೂ ಬಂದ. ಅವನ ಕಾಲು ಮುರಿದಾಗ ಆಸ್ಪತ್ರೆಗೆ ಗಂಜಿ ಒಯ್ದ. ಗಂಜಿ ಕುಡಿದು ಮುಗಿಸುವ ತನಕ ಸುಮ್ಮನಿದ್ದು, ಬಟ್ಟಲು ತೊಳೆಯುತ್ತಾ ಕೇಳಿಯೇಬಿಟ್ಟ.

"ಅದೆಲ್ಲಾ ಇರ್ಲಿ. ಅವತ್ತ ಆ ಹೆಣಮಗಳ ಮುಂದ ನಕ್ಕಿಯಲ್ಲ, ಯಾಕ ನಕ್ಕಿ?"

"ಲೇ ಹಂಪಯ್ಯಾ, ನನ್ನ ಕಾಲು ಮುರದೈತಲೇ."

"ಕಾಲು ಮುರದೈತಿ. ಬಾಯಿ ಗಟ್ಟಿ ಐತಲ್ಲ, ಹೇಳು."

ಹಂಪಯ್ಯನದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ. ಓದಿದ್ದು ಮೂರನೇ ಕ್ಲಾಸು. ಸಿಟ್ಟು ಮಾತ್ರ ದೊಡ್ಡ ಪರೀಕ್ಷೆ ಪಾಸು ಮಾಡಿದವನದು. ಪಂಪು ಇಸಗೊಂಡು ನೆಲದ ಮೇಲೆ ಬಿಸಾಕಿದವನನ್ನು ಬೀದಿಯ ತುದಿಯ ತನಕ ಅಟ್ಟಿಸಿಕೊಂಡು ಹೋಗಿ ಬೈದು ಬರುತ್ತಿದ್ದ. ಬಂದವನೇ ಅದೇ ಮನುಷ್ಯನ ಸೈಕಲ್ಲಿಗೆ ಪುಗಸಟ್ಟೆ ಎಣ್ಣೆ ಬಿಡುತ್ತಿದ್ದ. ಪೇಟೆಯ ಜನಕ್ಕೆ ಇದು ಗೊತ್ತು. ಬೈಸಿಕೊಂಡವರು ಸೈಕಲ್ ಅಲ್ಲೇ ಬಿಟ್ಟು ಓಡುತ್ತಿದ್ದರು, ಆಮೇಲೆ ಬಂದು ಒಯ್ಯುತ್ತಿದ್ದರು.

ಅಂಗಡಿಯಲ್ಲಿ ಒಂದು ತಂತಿ ಕಟ್ಟಿ ಅದಕ್ಕೊಂದು ವಾರಪತ್ರಿಕೆ ತೂಗುಹಾಕಿರುತ್ತಿದ್ದ. ಪಂಕ್ಚರ್ ಹಾಕುವ ತನಕ ಗಿರಾಕಿ ಸುಮ್ಮನೆ ಕೂಡಬೇಕಲ್ಲ. ಆ ಪತ್ರಿಕೆಯಲ್ಲಿ ಕುಮುದಿನಿ ಎಂಬ ಹುಡುಗಿಯ ಕತೆ ಧಾರಾವಾಹಿಯಾಗಿ ಬರುತ್ತಿತ್ತು. ಗಂಡನ ಮನೆಯಲ್ಲಿ ಬಾಳಲಾರದೆ ಅವಳು ಟ್ರಂಕು ಹಿಡಿದು ತವರಿಗೆ ಬಂದಳು. ಬಾಗಿಲು ತಟ್ಟಿದಳು. ಒಳಗೆ ಹೆಜ್ಜೆಯ ಸಪ್ಪಳವಾಯಿತು. ಚಿಲಕ ಸರಿಯಿತು. ಮುಂದುವರಿಯುವುದು ಎಂದು ಹಾಕಿದ್ದರು. ಆದರೆ ಮುಂದಿನ ವಾರ ಪತ್ರಿಕೆಯೇ ಬರಲಿಲ್ಲ. ನಿಂತುಹೋಯಿತು.

ಹಂಪಯ್ಯ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ ಜಗಳವಾಡಿದ. ಆ ಲೇಖಕ ಎಲ್ಲಿಯವನೋ ಏನೋ, ಕಾಣದ ಅವನಿಗೂ ಬೈದ. "ಹೆಣಮಗಳನ್ನ ಹೊಸ್ತಿಲ ಹೊರಗ ನಿಂದರಿಸಿ ತಾನು ಉಣ್ಣಾಕ ಹೋಗ್ಯಾನ. ಇವಗೇನು ಕರುಳು ಐತೋ ಇಲ್ಲೋ?"

ಅಂಗಡಿಗೆ ಬರುವವರಿಗೆಲ್ಲ ಅದೇ ಚಿಂತೆ: ಬಾಗಿಲು ತೆಗೆದವರು ಯಾರು? ತಾಯಿ ಅಂದರು ಕೆಲವರು. ಗಂಡನೇ ಮೊದಲು ಬಂದು ಕೂತಿದ್ದಾನೆ ಅಂದರು ಇನ್ನು ಕೆಲವರು. ಪಕ್ಕದ ಓಣಿಯಲ್ಲಿ ಪ್ಯಾಂಟು ಹೊಲಿಯುವ ಕಾರ್ಖಾನೆಯಿತ್ತು, ಅಲ್ಲಿ ಬಟ್ಟೆ ಕತ್ತರಿಸುವ ಜಿಲಾನಿ ಒಂದು ದಿನ ತಾನೇ ಎರಡು ಹಾಳೆ ಬರೆದು ತಂದುಬಿಟ್ಟ. ಅದನ್ನು ಓದಿದ ಕಚೇರಿ ಗುಮಾಸ್ತ ತಿಪ್ಪೇರುದ್ರಪ್ಪ, "ನಿಂದು ಸರಿ ಇಲ್ಲ, ನಂದು ನೋಡು" ಎಂದು ನಾಲ್ಕು ಹಾಳೆ ತಂದ. ಹೀಗೆ ಶುರುವಾಯಿತು.

ಅದಕ್ಕೊಂದು ಕಟ್ಟು ಹಾಕಿದವನು ಹಂಪಯ್ಯ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಮಾಡುವುದಕ್ಕೆ ಓದಿಸುವುದು ಅನ್ನುತ್ತಾರೆ, ಗೊತ್ತಲ್ಲ? ಚಪ್ಪರದಲ್ಲಿ ಒಬ್ಬ ನಿಂತು, ಇಂಥ ಊರಿನ ಇಂಥವರು ಓದಿಸಿದ್ದು ಇಷ್ಟು ರೂಪಾಯಿ, ಒಂದು ಕುಬಸದ ಕಣ ಎಂದು ಕೂಗುತ್ತಾನೆ. ಕಣ ಅಂದರೆ ರವಿಕೆಯ ಬಟ್ಟೆ. ಇವತ್ತು ನೀನು ನನ್ನ ಮನೆಗೆ ಓದಿಸಿದರೆ ನಾಳೆ ನಾನು ನಿನ್ನ ಮನೆಗೆ ಓದಿಸಬೇಕು. ಅದೇ ಓದಿಕಿ. ಹಂಪಯ್ಯ ಕತೆಗೂ ಅದನ್ನೇ ತಂದ. ಪಂಕ್ಚರ್ ಸಲ್ಯೂಷನ್ನಿನ ಖಾಲಿ ಡಬ್ಬಿಯಲ್ಲಿ ಎಲ್ಲರ ಹೆಸರಿನ ಚೀಟಿ. ಚೀಟಿಯಲ್ಲಿ ಹೆಸರು, ಅದರ ಕೆಳಗೆ ಅವರಿಗೆ ಎಂಥ ಕತೆ ಬೇಕು ಅನ್ನುವುದು. ಎರಡೆರಡು ಚೀಟಿ ಎತ್ತಿ ಜೋಡಿ ಮಾಡುವುದು. ಅವನಿಗೆ ಬೇಕಾದ್ದು ಇವನು ಬರೆಯಬೇಕು, ಇವನಿಗೆ ಬೇಕಾದ್ದು ಅವನು. ಹುಣ್ಣಿಮೆಯ ಸಂಜೆ ಅಂಗಡಿಯಲ್ಲಿ ಸೇರಿ, ಜಿಲಾನಿ ಚಪ್ಪರದ ದನಿ ತೆಗೆದು ಕೂಗುವುದು: "ತಿಪ್ಪೇರುದ್ರಪ್ಪನವರು ಜೋಗಪ್ಪನವರಿಗೆ ಓದಿಸಿದ್ದು, ಕುಮುದಿನಿ ಮಾಸ್ತರಿಣಿಯಾದ ಒಂದು ಕತಿ!"

ಹಂಪಯ್ಯ ಮಾತ್ರ ಬರೆಯುತ್ತಿರಲಿಲ್ಲ. ಹೊಸಬರನ್ನು ಹಿಡಿದು ತರುವುದು ಅವನ ಕೆಲಸ. ಗಾಳಿ ಹಾಕಿಸಲು ಬಂದವನ ಸೈಕಲ್ಲಿಗೆ ಬೀಗ ಜಡಿದು, "ಇದನ್ನ ಓದು, ಆಮೇಲೆ ಬೀಗ ತಗೀತೀನಿ" ಅನ್ನುತ್ತಿದ್ದ. ನನಗೆ ಬರೆಯಲು ಬರುವುದಿಲ್ಲ ಎಂದವರಿಗೆ ಅವನದು ಒಂದೇ ಉತ್ತರ.

"ಸೈಕಲ್ ಕಲಿಯಾಕ ಬಂದೋರಿಗೆ ನಾನು ಮೊದಲ ಬ್ರೇಕ್ ತೋರಸೋದಿಲ್ಲ. ಗಂಟಿ ಬಾರಸು ಅಂತೀನಿ. ಗಂಟಿ ಬಾರಿಸಿದಾವ ಹೆಂಗಾರ ಮಾಡಿ ಹತ್ತೇ ಹತ್ತತಾನ. ನೀನೂ ಒಂದು ಸಾಲು ಬರಿ. ತಪ್ಪು ಬರಿ, ಆದ್ರ ಬರಿ."

ಎರ್ರಮ್ಮ ಬಂದದ್ದು ಹೀಗೆಯೇ. ಅವಳು ಕುರುಗೋಡಿನವಳು, ಮೂವತ್ತರ ಹತ್ತಿರದ ವಯಸ್ಸು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಕಾರ್ಖಾನೆಯಿಂದ ಪ್ಯಾಂಟಿನ ಗಂಟು ಒಯ್ದು, ಮನೆಯಲ್ಲಿ ಕಾಜಾ ಹೆಣೆದು ಗುಂಡಿ ಹಚ್ಚಿ ತರುತ್ತಿದ್ದಳು. ಜಿಲಾನಿ ಗಂಟು ಕಟ್ಟುವ ತನಕ ಹಂಪಯ್ಯನ ಅಂಗಡಿಯ ಮುಂದೆ ನಿಂತು ತಂತಿಯ ಮೇಲಿನ ಹಳೇ ಪತ್ರಿಕೆ ಓದುವಳು. ಒಂದು ದಿನ ತಲೆ ಎತ್ತದೆ ಕೇಳಿದಳು.

"ಅಯ್ನೋರ, ಆಕಿಗೆ ಬಾಗಲ ತಗದೋರು ಯಾರು ಅಂತ ಗೊತ್ತಾತೇನ್ರಿ?"

ಹಂಪಯ್ಯನ ಕೈಯಲ್ಲಿದ್ದ ಟ್ಯೂಬು ಅಲ್ಲೇ ನಿಂತಿತು. ಇಷ್ಟು ಮೆತ್ತಗೆ ಯಾರೂ ಆ ಮಾತು ಕೇಳಿರಲಿಲ್ಲ.

"ಗೊತ್ತಾಗಿಲ್ಲ ತಂಗಿ. ನೀನ ಹೇಳಬೇಕು. ಹುಣ್ಣಿವಿ ದಿನ ಇಲ್ಲಿ ಓದಿಕಿ ಐತಿ, ಬಾ. ಬರಿಗೈಲಿ ಬರಬ್ಯಾಡ ಮತ್ತ, ನನಗ ಓದಸಬೇಕು ನೀನು."

ಅವಳ ಹೆಸರು ಸೇರಿದರೆ ಚೀಟಿ ಬೆಸ ಆಗಿ, ಅವಳಿಗೆ ಜೋಡಿ ಇಲ್ಲದಂತಾಗುತ್ತಿತ್ತು. ಹೊಸಬರು ಒಂಟಿ ನಿಲ್ಲಬಾರದು ಎಂದು ಹಂಪಯ್ಯ ತನ್ನ ಹೆಸರೇ ಬರೆದು ಅವಳ ಚೀಟಿಗೆ ಜೋಡಿ ಮಾಡಿ ಡಬ್ಬಿಗೆ ಹಾಕಿದ. ಜಿಲಾನಿ ಕಣ್ಣು ಅಗಲ ಮಾಡಿದ. "ಅಯ್ನೋರು ಬರೀತಾರಂತ! ಬಳ್ಳಾರಿ ಗುಡ್ಡ ಎದ್ದು ನಡೀತದ ನೋಡ್ರಪಾ."

"ಮುಚ್ಚಲೇ ಬಾಯಿ."

ಹುಣ್ಣಿಮೆ ಬಂತು. ಎಲ್ಲರೂ ಹಾಳೆ ಹಿಡಿದು ಕೂತಿದ್ದರು. ಎರ್ರಮ್ಮ ಒಗೆದ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಸೆರಗಿನಲ್ಲಿ ಮುಚ್ಚಿಕೊಂಡು ಒಂದು ತಟ್ಟೆ ತಂದಳು. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಕೆ, ಒಂದು ಹಸಿರು ಕುಬಸದ ಕಣ. ಅದನ್ನು ಹಂಪಯ್ಯನ ಮುಂದೆ ಇಟ್ಟು, "ಅಕ್ಕಾರಿಗೆ ಕೊಡ್ರಿ ಅಯ್ನೋರ. ಮನ್ಯಾಗ ಏನು ಕಾರ್ಯ ಅಂತ ಕೇಳಾಕ ಮರತಿದ್ದೆ" ಅಂದಳು. ಓದಿಕಿ ಅಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ.

ಆಗ ತಿಪ್ಪೇರುದ್ರಪ್ಪ ನಕ್ಕ. ಸಣ್ಣಗಲ್ಲ, ತೊಡೆ ತಟ್ಟಿಕೊಂಡು. "ಕತಿ ತಾ ಅಂದ್ರ ಕಾಯಿ ತಂದಾಳಲೇ! ಇದನ್ನ ಹೆಂಗ ಓದೋದು, ಒಡದು ಓದೋದೇನು?"

ಎರ್ರಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. ಹಂಪಯ್ಯ ಪಂಪು ಎತ್ತಿಕೊಂಡು ನಿಂತ. "ಏಳು ಮ್ಯಾಲೆ! ಹೊರಗ ನಡಿ! ಈ ಅಂಗಡಿ ಮೆಟ್ಟಲು ಹತ್ತಬ್ಯಾಡ ಇನ್ನ!"

ಹೇಳಿದ್ದು ತಿಪ್ಪೇರುದ್ರಪ್ಪನಿಗೆ. ಸಿಟ್ಟಿನ ಭರದಲ್ಲಿ ಕಣ್ಣು ಯಾವ ಕಡೆ ಇತ್ತೋ! ಎರ್ರಮ್ಮ ತಟ್ಟೆ ಅಲ್ಲೇ ಬಿಟ್ಟು ಇಳಿದು ಹೋದಳು. ತಿಪ್ಪೇರುದ್ರಪ್ಪ ಮಾತ್ರ ಕೂತಲ್ಲಿಂದ ಏಳಲಿಲ್ಲ.

ಆಮೇಲೆ ಅವಳು ಬರಲಿಲ್ಲ. ಪ್ಯಾಂಟಿನ ಗಂಟಿಗೂ ಬರಲಿಲ್ಲ. ಜಿಲಾನಿ ತಲೆ ಕೆರೆದುಕೊಂಡ. "ಅಯ್ನೋರ, ಆಕಿ ಗಂಟು ಕಟ್ಟಿಟ್ಟೀನಿ. ಮಾಲೀಕ ಬ್ಯಾರೆಯೋರಿಗೆ ಕೊಡು ಅಂತಾನ. ಆಕಿ ಕೈಯ್ಯಾಗಿನ ಅನ್ನ ಹೋಗತೈತಿ."

ಹಂಪಯ್ಯನಿಗೆ ಊಟ ಸೇರದಾಯಿತು. ಅವನ ಹೆಂಡತಿ ಅಂಬಮ್ಮ ಅವನ ಮುಂದೆ ಬಂದು ನಿಂತಳು. ಮೈಮೇಲೆ ಹಸಿರು ಕುಬಸ.

"ಇದನ್ನ ಯಾಕ ಹೊಲಿಸಿದಿ?"

"ಪ್ರೀತಿಲೆ ಕೊಟ್ಟಿದ್ದನ್ನ ಪೆಟ್ಟಿಗ್ಯಾಗ ಕೊಳಿ ಹಾಕಲೇನು? ಕಣ ಮೈಮ್ಯಾಲೆ ಬಂತು, ಇನ್ನ ಋಣ ಬಂತು. ಏಳ್ರಿ, ಕುರುಗೋಡಿಗೆ ಹೋಗೂಣು."

"ಹೋಗಿ ಏನು ಹೇಳ್ಲಿ?"

"ಬೈಯೋದು ಬಿಟ್ಟು ಏನಾರ ಹೇಳ್ರಿ."

ಹಂಪಯ್ಯ ಜಿಲಾನಿಯ ಹತ್ತಿರ ಪ್ಯಾಂಟಿನ ಗಂಟು ಇಸಗೊಂಡು ತಲೆ ಮೇಲೆ ಹೊತ್ತ. ಅಂಬಮ್ಮ ಒಂದು ಕೆಂಪು ಕಣ, ಒಂದು ಕಾಯಿ ಕಟ್ಟಿಕೊಂಡಳು. ಕುರುಗೋಡಿನಲ್ಲಿ ಇಳಿದು, ಕೇಳುತ್ತಾ ಕೇಳುತ್ತಾ ಎರ್ರಮ್ಮನ ಅಣ್ಣನ ಮನೆಗೆ ಬಂದರು. ಬಾಗಿಲು ಮುಚ್ಚಿತ್ತು. ಹಂಪಯ್ಯ ತಟ್ಟಿದ. ಒಳಗೆ ಹೆಜ್ಜೆಯ ಸಪ್ಪಳ, ಚಿಲಕ ಸರಿಯಿತು. ಕುಮುದಿನಿ ನಿಂತಿದ್ದು ಹೀಗೇ ಅಲ್ಲವಾ!

ಬಾಗಿಲು ತೆಗೆದವಳು ಎರ್ರಮ್ಮನ ಅತ್ತಿಗೆ ಚನ್ನವೀರಮ್ಮ. ಕೈತುಂಬ ಜೋಳದ ಹಿಟ್ಟು. ಗುರುತಿಲ್ಲದ ಇಬ್ಬರನ್ನು ನೋಡಿ, ಯಾರು, ಏನು ಒಂದೂ ಕೇಳಲಿಲ್ಲ. "ಕಾಲು ತೊಳಕೊಂಡು ಬರ್ರಿ, ರೊಟ್ಟಿ ಬಿಸಿ ಅದಾವ" ಅಂದಳು.

ಒಳಗೆ ಎರ್ರಮ್ಮ ಮೂಲೆಯಲ್ಲಿ ನಿಂತಳು. ಹಂಪಯ್ಯ ರೊಟ್ಟಿ ಮುರಿಯುತ್ತಾ, ನೆಲ ನೋಡುತ್ತಾ ಹೇಳಿದ. "ತಂಗಿ, ನಾನು ಬೈದಿದ್ದು ಆ ಗುಮಾಸ್ತಗ. ನಿನಗಲ್ಲ. ನನ್ನ ಬಾಯಿಗೆ ಹ್ಯಾಂಡಲ್ ಇಲ್ಲ, ಎತ್ತಾಗಾರ ಹೋಗತೈತಿ."

ಅಂಬಮ್ಮ ಸೆರಗು ಸರಿಸಿ ಹಸಿರು ಕುಬಸ ತೋರಿಸಿದಳು. "ನೋಡವಾ, ತೋಳು ಎಷ್ಟು ಚಂದ ಕುಂತಾವು." ಎರ್ರಮ್ಮ ಅತ್ತಳೋ ನಕ್ಕಳೋ, ಸೆರಗು ಬಾಯಿಗೆ ಒತ್ತಿಕೊಂಡಳು.

ಆಮೇಲೆ ಕತೆಯ ಮಾತು ಬಂತು. ಬಾಗಿಲು ತೆಗೆದವರು ಯಾರು ಎಂದು ಪೇಟೆಯವರು ಏನೇನು ಬರೆದಿದ್ದಾರೆ ಎಂದು ಹಂಪಯ್ಯ ಹೇಳಿದ. ತಾಯಿ, ಗಂಡ, ಪೊಲೀಸು, ಒಬ್ಬನದಂತೂ ದೆವ್ವ. ಎರ್ರಮ್ಮ ತಲೆ ಅಲ್ಲಾಡಿಸಿದಳು.

"ಅವ್ರು ಯಾರೂ ಅಲ್ರಿ. ನಾನು ಆದೋನಿಯಿಂದ ಗಂಡನ್ನ ಬಿಟ್ಟು ಬಂದಾಗ ಅಣ್ಣ ಮುಖ ತಿರುವಿದ, ಅವ್ವ ಹಣಿ ಬಡಕೊಂಡ್ಲು. ಬಾಗಲ ತಗದಾಕಿ ಅತ್ತಿಗಿ. ಕಾಲು ತೊಳಕೊಂಡು ಬಾ, ರೊಟ್ಟಿ ಬಿಸಿ ಅದಾವ ಅಂದ್ಲು. ಮತ್ತೊಂದು ಮಾತು ಕೇಳಲಿಲ್ಲ. ಇವತ್ತಿನತನಾ ಕೇಳಿಲ್ಲ."

ಒಲೆಯ ಹತ್ತಿರ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಪೇಟೆಯಲ್ಲಿ ಅಷ್ಟು ಜನ ಬರೆದರಲ್ಲ, ಅತ್ತಿಗೆಯನ್ನು ಒಬ್ಬನೂ ನೆನೆದಿರಲಿಲ್ಲ. ಕತೆಯಲ್ಲಿ ಅತ್ತಿಗೆ ಬಂದರೆ ಕಣ್ಣೀರು ಹಾಕಿಸುವುದಕ್ಕೇ ಬರುವುದು.

"ಇದನ್ನ ಬರಿ ತಂಗಿ."

"ನಾನು ಸೋದರಮಾವನ ಮನ್ಯಾಗ ತೆಲುಗು ಸಾಲಿ ಕಲತಾಕಿ. ಕನ್ನಡ ಬರದ್ರ ತಲಕಟ್ಟೆಲ್ಲಾ ತೆಲುಗಿನಂಗ ಬರ್ತಾವ. ಮತ್ತ ನಗ್ತಾರ."

"ತಲಕಟ್ಟು ಎಂಥದಾರ ಇರ್ಲಿ. ನೀ ಗಂಟಿ ಬಾರಸು. ನಗೋರನ್ನ ನಾ ನೋಡಿಕೋತೀನಿ."

ಮುಂದಿನ ಹುಣ್ಣಿಮೆಗೆ ಎರ್ರಮ್ಮ ಬಂದಳು. ಈ ಸಲ ತಟ್ಟೆಯಲ್ಲಿ ಹಾಳೆ. ಹಾಳೆಯ ಮೇಲೆ ಒಂದು ಅಡಕೆ, ಗಾಳಿಗೆ ಹಾರಬಾರದೆಂದು. ಜಿಲಾನಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಕುರುಗೋಡು ಎರ್ರಮ್ಮನವರು ಸತ್ಯನಾರಾಯಣಪೇಟಿ ಹಂಪಯ್ಯನವರಿಗೆ ಓದಿಸಿದ್ದು, ಅತ್ತಿಗಿ ಬಾಗಲ ತಗದ ಒಂದು ಕತಿ!" ಓದುತ್ತಾ ಓದುತ್ತಾ ಚಪ್ಪರದ ದನಿ ಇಳಿಯಿತು. ಕಡೆಯ ಸಾಲಿಗೆ ಬರುವಷ್ಟರಲ್ಲಿ ಮನೆಯಲ್ಲಿ ಮಾತಾಡಿದ ಹಾಗೆ ಆಗಿತ್ತು.

ತಿಪ್ಪೇರುದ್ರಪ್ಪ ಹಾಳೆ ಇಸಗೊಂಡು ಕಣ್ಣಿಗೆ ಹತ್ತಿರ ಹಿಡಿದ. "ಈ ತಲಕಟ್ಟು..." ಎಂದು ಶುರುಮಾಡಿದ. ಹಂಪಯ್ಯನ ಕೈ ಪಂಪಿನ ಮೇಲೆ ಹೋಯಿತು.

"...ಚಲೋ ಅದಾವ," ಅಂದ ತಿಪ್ಪೇರುದ್ರಪ್ಪ.

ಈಗ ಹಂಪಯ್ಯನ ಸರದಿ. ಎರ್ರಮ್ಮ ಈ ಸಲ ತನಗೆ ಬೇಕಾದ ಕತೆಯನ್ನು ಚೀಟಿಯಲ್ಲಿ ಬರೆದಿದ್ದಳು. "ಅತ್ತಿಗಿ ಎಲ್ಲರಿಗೂ ಬಾಗಲ ತಗೀತಾಳ. ಅತ್ತಿಗಿಗೆ ಯಾರು ತಗೀತಾರ?"

ಹಂಪಯ್ಯ ಹಾಳೆ ತಂದ, ಪೆನ್ನು ತಂದ. ಬೆವರಿದ. ಹಾಳೆ ಹರಿದ, ಪೆನ್ನಿಗೆ ಬೈದ, ಅಂಬಮ್ಮನಿಗೆ ಬೈದ, ಅಂಗಳದ ಕೋಳಿಗೆ ಬೈದ. ಮುಂದಿನ ಹುಣ್ಣಿಮೆ ಅಂದ. ಅದರ ಮುಂದಿನದು ಅಂದ. ಎರ್ರಮ್ಮ ಮಾತ್ರ ಒಂದು ದಿನವೂ ಕೇಳಲಿಲ್ಲ. ಎಂಬತ್ತನೇ ಇಸವಿಯ ಸುಮಾರಿಗೆ ಅವಳು ಸ್ವಂತ ಹೊಲಿಗೆ ಮಿಷನ್ನು ಕೊಂಡು ಸಿರುಗುಪ್ಪದಲ್ಲಿ ಮನೆ ಹಿಡಿದಳು. ಹೊಲಿಗೆ ಕಲಿಯಲು ಬರುವ ಹೆಣ್ಣುಮಕ್ಕಳನ್ನು ಕೂಡಿಸಿ ಅಲ್ಲೊಂದು ಓದಿಕಿ ಹೂಡಿದಳು. ಬರೆಯಲು ಅಂಜುವವರಿಗೆ ಮೊದಲು ಗಂಟಿ ಬಾರಸ್ರೀ ಅನ್ನುತ್ತಾಳಂತೆ. ಆ ಹುಡುಗಿಯರಿಗೆ ಯಾವ ಗಂಟಿ ಎಂದು ಗೊತ್ತಿಲ್ಲ, ಆದರೂ ಬರೆಯುತ್ತಾರಂತೆ. ಸಿರುಗುಪ್ಪದ ಬಸ್ಸಿನಿಂದ ಇಳಿದವರು ಬಂದು ಹೇಳಿದಾಗ ಹಂಪಯ್ಯ ಎದ್ದು ಒಳಗೆ ಹೋಗಿ ಸುಮ್ಮನೆ ಮುಖ ತೊಳೆದು ಬಂದ.

ಪ್ರತಿ ಹಬ್ಬಕ್ಕೂ ಅಂಬಮ್ಮ ಸಿರುಗುಪ್ಪಕ್ಕೆ ಒಂದು ಕಣ ಕಳಿಸುತ್ತಾಳೆ. ಅಲ್ಲಿಂದಲೂ ಬರುತ್ತದೆ. ಕಣಕ್ಕೆ ಕಣ ಸರಿಹೋಯಿತು. ಕತೆಗೆ ಕತೆ ಹೋಗಲೇ ಇಲ್ಲ.

ಸಲ್ಯೂಷನ್ ಡಬ್ಬಿಯ ಕೆಳಗೆ ಒಂದು ಹಾಳೆ ಇದೆ. ಎಣ್ಣೆ ಕುಡಿದು ಹಳದಿಯಾಗಿದೆ. ಅದರಲ್ಲಿ ಹಂಪಯ್ಯನ ಕೈಯ ದಪ್ಪ ಅಕ್ಷರದ ಒಂದೇ ಸಾಲು: "ಚನ್ನವೀರಮ್ಮ ತನ್ನ ತವರುಮನಿಗೆ ಬಂದು ಬಾಗಲ ಬಡದಳು."

ಅಂಗಡಿ ಗುಡಿಸುವಾಗೆಲ್ಲ ಅಂಬಮ್ಮ ಆ ಹಾಳೆ ಎತ್ತಿ, ದೂಳು ಜಾಡಿಸಿ, ಮತ್ತೆ ಇಡುತ್ತಾಳೆ.

"ಆ ಲೇಖಕಗ ಎಷ್ಟು ಬೈದ್ರಿ ಆವತ್ತ! ಪಾಪ, ಈಕಿನ್ನ ಎಷ್ಟ ದಿನ ಹೊರಗ ನಿಂದರಸ್ತೀರಿ?"

"ತಡಿಯೇ," ಅನ್ನುತ್ತಾನೆ ಹಂಪಯ್ಯ, ಚಕ್ರ ತಿರುಗಿಸುತ್ತಾ. "ಒಳಗ ಯಾರೋ ಬರಾಕತ್ತಾರ. ಸಪ್ಪಳ ಆಗಾಕತ್ತೈತಿ."