ಗಾಡಿಗೆ ಗಾಳಿ ಹಿಡಿದಾಗ

ನಾನು ಡೀಸೆಲ್ ಕಾರು ಕೊಂಡದ್ದು ಶೋಕಿಗಲ್ಲ. ಅಕ್ಕನನ್ನು ಇನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಲಾಗದು ಎಂದು ಖಚಿತವಾದ ಮೇಲೆ ಕೊಂಡೆ. ಅಲ್ಲಿಯವರೆಗೆ ನನ್ನ ಬಳಿ ಇದ್ದದ್ದು ಒಂದು ಹಳೆಯ ಸ್ಕೂಟರು. ಅದು ನಿಂತರೆ ನಾಲ್ಕು ಒದೆ ಕೊಡುವುದು, ಆಗಲೂ ಏಳದಿದ್ದರೆ ಬಾಯಿಗೆ ಬಂದಂತೆ ಬೈಯುವುದು. ರಿಪೇರಿ ಎಂದರೆ ನನಗೆ ಗೊತ್ತಿದ್ದದ್ದು ಅಷ್ಟೇ.

ನಮ್ಮದು ಕೊಯಮತ್ತೂರಿನ ಹತ್ತಿರ, ಸೋಮನೂರಿನ ಕಡೆಯ ನೇಕಾರರ ಮನೆ. ತಲೆಮಾರುಗಳಿಂದ ಇಲ್ಲೇ ಇದ್ದೇವೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಪ್ಪ ತೀರಿಕೊಂಡಾಗ ನಾನು ಚಿಕ್ಕವನು. ಅಕ್ಕ ನೂಲಿನ ಮಿಲ್ಲಿಗೆ ಸೇರಿ ನನ್ನನ್ನು ಓದಿಸಿದಳು. ತನ್ನ ಮದುವೆಯ ಮಾತೆತ್ತಿದವರನ್ನೆಲ್ಲ ಬಾಗಿಲಿನಿಂದಲೇ ಸಾಗಹಾಕಿದಳು. ಸಾಯಂಕಾಲ ಮನೆಗೆ ಬರುವಾಗ ಅವಳ ಹುಬ್ಬು, ರೆಪ್ಪೆ, ಕೂದಲು ಎಲ್ಲ ಹತ್ತಿಯ ಧೂಳು ಕೂತು ಬೆಳ್ಳಗಾಗಿರುತ್ತಿತ್ತು. ಅಜ್ಜಿ ಬಂದಳು, ಅಜ್ಜಿ ಬಂದಳು ಎಂದು ನಾನು ಚಪ್ಪಾಳೆ ತಟ್ಟುತ್ತಿದ್ದೆ. ಆ ಧೂಳು ಒಳಗೂ ಇಳಿಯುತ್ತಿದೆ ಎಂದು ನಮಗಿಬ್ಬರಿಗೂ ಯಾರು ಹೇಳಬೇಕಿತ್ತು? ಅಕ್ಕ ನಿಜವಾಗಿ ಅಜ್ಜಿಯ ವಯಸ್ಸಿಗೆ ಬರುವ ಹೊತ್ತಿಗೆ ಅವಳ ಶ್ವಾಸಕೋಶ ಸೋತುಹೋಗಿತ್ತು. ಮೂಗಿಗೆ ಒಂದು ಟ್ಯೂಬು, ಪಕ್ಕದಲ್ಲಿ ಒಂದು ಸಣ್ಣ ಆಕ್ಸಿಜನ್ ಸಿಲಿಂಡರು. ಸ್ನಾನದ ಮನೆಗೆ ಹೋಗಿ ಬಂದರೂ ಗೋಡೆ ಹಿಡಿದು ನಿಲ್ಲುತ್ತಿದ್ದಳು.

ಆಸ್ಪತ್ರೆ ಇದ್ದದ್ದು ಕೊಯಮತ್ತೂರಿನ ಪೀಳಮೇಡಿನಲ್ಲಿ. ಬಸ್ಸಿನಲ್ಲಿ ಸಿಲಿಂಡರ್ ಕಂಡು ಜನ ಸರಿದು ಕೂರುತ್ತಿದ್ದರು. ಇದು ಸಿಡಿಯುತ್ತದೆಯೇ ಎಂದು ಒಬ್ಬರು ಕೇಳಿಯೇ ಬಿಟ್ಟರು. ಅಕ್ಕ ಸೆರಗಿನಿಂದ ಟ್ಯೂಬು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಮಿಲ್ಲಿನ ಮೇಸ್ತ್ರಿಗೂ ತಲೆ ತಗ್ಗಿಸದ ಹೆಂಗಸು ಅವಳು. ಅಂಥವಳು ಅಂದು ಮುಖ ಮರೆಸಿಕೊಂಡಳು. ಸ್ವಲ್ಪ ದಿನಗಳಲ್ಲೇ ಈ ಸೆಕೆಂಡ್ ಹ್ಯಾಂಡ್ ಕಾರು ನಮ್ಮ ಬೀದಿಗೆ ಬಂತು. ಇದನ್ನು ಒಬ್ಬ ಡಾಕ್ಟರು ಇಟ್ಟುಕೊಂಡಿದ್ದರು, ಹೂವಿನ ಹಾಗೆ ಓಡಿಸಿದ್ದಾರೆ ಎಂದ ಮಾರಿದವನು. ಈ ಊರಿನಲ್ಲಿ ಮಾರಾಟಕ್ಕೆ ಬರುವ ಹಳೆಯ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ.

ಹೂವಿನಂಥ ಆ ಕಾರು ಒಂದು ಮಧ್ಯಾಹ್ನ ಅಕ್ಕನನ್ನು ಕೂರಿಸಿಕೊಂಡು ಹೋಗುವಾಗ ನೀಲಂಬೂರಿನ ಹತ್ತಿರ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಎಷ್ಟು ತಿರುಗಿಸಿದರೂ ಏಳಲಿಲ್ಲ. ಪಕ್ಕದಲ್ಲಿ ಲಾರಿಗಳು ಹಾದುಹೋದಾಗಲೆಲ್ಲ ಗಾಡಿ ಅಲ್ಲಾಡುತ್ತಿತ್ತು. ಒಳಗೆ ಕೂತರೆ ಬೇಯುವಂಥ ಸೆಕೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಇದೋ ಹೊರಟೆ ಎಂದ, ಮತ್ತೆ ಮಾಡಿದರೆ ಆಗಲೂ ಇದೋ ಹೊರಟೆ ಎಂದ. ಸಿಲಿಂಡರಿನ ಮೀಟರಿನ ಮುಳ್ಳು ಇಳಿಯುತ್ತಿತ್ತು. ಅಕ್ಕ ಅದನ್ನು ನಾನು ನೋಡದಿರಲಿ ಎಂದು ಅದರ ಮೇಲೆ ಕರವಸ್ತ್ರ ಹಾಕಿ ಮುಚ್ಚಿದಳು. ನಾನು ಮೂರನೆಯ ಸಲ ಫೋನ್ ಮಾಡಿದೆ.

ಕೊನೆಗೆ ಬಂದ ಆ ಮಹಾನುಭಾವ ಬಾನೆಟ್ ಎತ್ತಿದ. ರಕ್ತದೊತ್ತಡ ನೋಡುವಾಗ ನರ್ಸುಗಳು ಹಿಸುಕುತ್ತಾರಲ್ಲ, ಅಂಥದೇ ಒಂದು ಕಪ್ಪು ರಬ್ಬರಿನ ಉಂಡೆ ಒಳಗಿತ್ತು. ಡೀಸೆಲನ್ನು ಕೈಯಿಂದ ಎಳೆಯುವ ಪಂಪು ಅದು. ಅದನ್ನು ಅಷ್ಟು ಹಿಸುಕಿದ, ಏನನ್ನೋ ಸಡಿಲಿಸಿದ, ಬಿಗಿದ. ಗಾಡಿ ಸ್ಟಾರ್ಟ್ ಆಯಿತು. "ಕಾತ್ತು ಪುಡಿಚ್ಚಿರುಕ್ಕು ಸಾರ್," ಎಂದು ಕೈ ಒರೆಸಿಕೊಂಡ. ಡೀಸೆಲ್ ಹೋಗುವ ದಾರಿಯಲ್ಲಿ ಗಾಳಿ ಸೇರಿಕೊಂಡು ಕಟ್ಟಿಕೊಂಡಿದೆ ಎಂದು ಅದರ ಅರ್ಥ. ಇಷ್ಟಕ್ಕೇ ನನ್ನ ಅಕ್ಕ ಆ ಬಿಸಿಲಿನಲ್ಲಿ ಬೇಯಬೇಕಾಯಿತೇ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಮೇಲೆ ಅಕ್ಕ ಒಳಗಿರುವಾಗ ಈ ಗಾಡಿ ನಿಲ್ಲಕೂಡದು, ನಿಂತರೂ ಎಬ್ಬಿಸಲು ಇನ್ನೊಬ್ಬನಿಗೆ ಕಾಯಕೂಡದು ಎಂದು ಅಲ್ಲೇ ತೀರ್ಮಾನಿಸಿದೆ.

ಮನೆಗೆ ಬಂದು ಹೆಂಡತಿಗೆ, ಗಾಡಿಗೆ ಗಾಳಿ ಹಿಡಿದಿದೆಯಂತೆ ಎಂದೆ. ಅವಳು ಕೊಳ್ಳೇಗಾಲದ ಕಡೆಯವಳು. ನನಗೆ ಕನ್ನಡದ ಅಕ್ಷರ ಕಲಿಸಿದವಳು ಅವಳೇ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕನ್ನಡ ಬಾಯಲ್ಲಿ ಮಾತ್ರ ಇತ್ತು. ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಯಾವ ಹುಣಸೆ ಮರದ ಕೆಳಗೆ ನಿಲ್ಲಿಸಿದ್ರಿ?" ಎಂದಳು.

ದೆವ್ವ ಹಿಡಿದದ್ದಲ್ಲ, ಬರೀ ಗಾಳಿ ಎಂದು ಎಷ್ಟು ಹೇಳಿದರೂ ಕೇಳದೆ, ಬೆಳಿಗ್ಗೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಕೆಲಸಕ್ಕೆ ಹೊರಡುವ ಮೊದಲು ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಯೇ ಹೋದಳು. ಅಕ್ಕ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡಿ ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕಳು.

"ನೋಡ್ಡಾ ತಮ್ಮಾ, ನಂಗೆ ಗಾಳಿ ಸಾಲ್ದು, ನಿನ್ ಗಾಡಿಗೆ ಗಾಳಿ ಜಾಸ್ತಿ. ಈ ಟ್ಯೂಬ್ನ ಅದ್ಕೆ ಸೇರ್ಸ್‌ಬುಡು, ಇಬ್ರೂ ಪೊಳಚ್ಕಂಡು ಬದುಕ್ತೀವಿ," ಎಂದಳು.

ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಕಲಿಯುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ನಾನು ಮನೆಯಲ್ಲಿ ಕೂತು ಬನಿಯನ್ ಕಂಪನಿಗಳಿಗೆ ಲೇಬಲ್ ಡಿಸೈನ್ ಮಾಡಿಕೊಡುವವನು. ಕೈಗೆ ಮೌಸ್ ಬಿಟ್ಟು ಬೇರೆ ಸಾಮಾನು ಒಗ್ಗದು. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ವಿಡಿಯೋದವರ ಕೈಗೆ ಮಸಿಯೇ ಹತ್ತುವುದಿಲ್ಲ, ಅವರ ಯಾವ ನಟ್ಟೂ ತುಕ್ಕು ಹಿಡಿದಿರುವುದಿಲ್ಲ. ನನಗೋ ಸ್ಪ್ಯಾನರ್ ಜಾರಿ ಬೆರಳಿನ ಗಿಣ್ಣುಗಳೆಲ್ಲ ತರಚಿದವು. ಮೊದಲ ಸಲ ಡೀಸೆಲ್ ಫಿಲ್ಟರ್ ಬದಲಾಯಿಸಿದಾಗ ಹೊಸದಕ್ಕೆ ಡೀಸೆಲ್ ತುಂಬಿಸಿ ಹಾಕಬೇಕು ಎಂದು ತಿಳಿಯದೆ ಖಾಲಿಯದನ್ನೇ ಬಿಗಿದೆ. ಮತ್ತೆ ಗಾಳಿ. ಬ್ಯಾಟರಿ ಸಾಯುವವರೆಗೂ ಕೀಲಿ ತಿರುಗಿಸಿ, ತಲೆಕೆಟ್ಟು ಬಾನೆಟ್ಟಿಗೆ ಗುದ್ದಿದೆ. ಬಾನೆಟ್ಟಿಗೆ ಏನೂ ಆಗಲಿಲ್ಲ.

ಫಿಲ್ಟರಿನ ತಳದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸಿದರೆ ಡೀಸೆಲಿನಲ್ಲಿ ಸೇರಿಕೊಂಡ ನೀರು ಇಳಿದುಬರುತ್ತದೆ. ಅದನ್ನು ಮೊದಲ ಸಲ ಬಾಟಲಿಗೆ ಹಿಡಿದಾಗ ಡೀಸೆಲ್ ಮೇಲೆ, ನೀರು ಕೆಳಗೆ ನಿಂತದ್ದನ್ನು ನೋಡಿ ನನಗೆ ಎಲ್ಲಿಲ್ಲದ ಹಿಗ್ಗು. ಓಡಿಹೋಗಿ ಅಕ್ಕನಿಗೆ ತೋರಿಸಿದೆ. ಅವಳ ಎದೆಯಿಂದಲೂ ಆಗಾಗ ಸೂಜಿ ಚುಚ್ಚಿ ನೀರು ತೆಗೆಯುತ್ತಿದ್ದರು. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಸಾಮಿ ನಂಗೂ ತಳದಲ್ಲಿ ಇಂಥಾದೊಂದು ತಿರುಪು ಇಟ್ಟಿದ್ರೆ ಎಷ್ಟ್ ಸೌಕರ್ಯ ಆಗಿರಾದು," ಎಂದಳು.

ಗಾಳಿಯ ತೊಂದರೆ ಮಾತ್ರ ಬಿಡಲಿಲ್ಲ. ಕೈಪಂಪಿನ ರಬ್ಬರು ಬಿರುಕು ಬಿಟ್ಟಿದೆ ಎಂದು ಪತ್ತೆಯಾದ ಮೇಲೆ ಉಕ್ಕಡದ ಹಳೆಯ ಸ್ಪೇರ್ ಅಂಗಡಿಗಳನ್ನೆಲ್ಲ ಜಾಲಾಡಿ, ಮೈಗೆಲ್ಲ ಪಕ್ಕದ ಮೀನು ಮಾರ್ಕೆಟ್ಟಿನ ವಾಸನೆ ಹತ್ತಿಸಿಕೊಂಡು ಇನ್ನೊಂದು ತಂದೆ. ಅದೂ ಹಳೆಯದೇ. ಹಾಗಾಗಿ ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಗಾಳಿ ಬಿಡಿಸಿಯೇ ಹೊರಡುವುದು ವಾಡಿಕೆಯಾಯಿತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮುಂದೆ ನಿಂತು ಪಂಪು ಗಟ್ಟಿಯಾಗುವವರೆಗೆ ಹಿಸುಕುತ್ತಿರಬೇಕು, ಇನ್ನೊಬ್ಬರು ಒಳಗೆ ಕೂತು ಕೀಲಿ ತಿರುಗಿಸಬೇಕು. ಹೆಂಡತಿ ಅಷ್ಟು ಹೊತ್ತಿಗೆ ಕಂಪನಿಯ ಬಸ್ಸು ಹತ್ತಿರುತ್ತಿದ್ದಳು. ಅಕ್ಕ ಮಂಚದಿಂದ ಎದ್ದು ಬಂದು ಕೈ ಚಾಚಿದಳು.

"ಸಾವಿ ಕೊಡು ಇಲ್ಲಿ. ಮಿಲ್ಲಲ್ಲಿ ಎಂಥೆಂಥಾ ಮೆಷಿನ್ನೇ ಓಡ್ಸಿವ್ನಿ, ಇದೇನ್ ಮಹಾ," ಎಂದಳು.

ಕೀಲಿ ಕೊಟ್ಟೆ. ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಸಿಲಿಂಡರನ್ನು ಪಕ್ಕದ ಸೀಟಿನಲ್ಲಿ ಒರಗಿಸಿ, ಕೀಲಿಯನ್ನು ಅರ್ಧ ತಿರುಗಿಸಿದರೆ ಒಂದು ಹಳದಿ ಸುರುಳಿ ದೀಪ ಹತ್ತುತ್ತದೆ, ಅದು ಆರಿದ ಮೇಲೆ ಪೂರ್ತಿ ತಿರುಗಿಸಬೇಕು ಎಂದು ಹೇಳಿಕೊಟ್ಟೆ. ಬಾನೆಟ್ ಎತ್ತಿದರೆ ಅವಳು ನನಗೆ ಕಾಣಳು, ನಾನು ಅವಳಿಗೆ ಕಾಣೆ. ಸರಿ ಎಂದು ನಾನು ಕೂಗಿದೊಡನೆ ತಿರುಗಿಸು ಎಂದೆ. ಅವಳು ಒಪ್ಪಲಿಲ್ಲ.

"ನಿನ್ ಕೈ ಒಳ್ಗೆ ಇರಾಗ ನಾನ್ ತಿರುಗ್ಸ್‌ಬುಟ್ರೆ? ಮಿಲ್ಲಲ್ಲಿ ಮೊದ್ಲು ಕೈ ತೆಗಿ ಅಂತ ಕೂಗಿ, ಅಪ್ಪುರಂ ತಾನೇ ಸ್ವಿಚ್ ಹಾಕಾದು. ಕೂಗ್ದೆ ಹಾಕಿದ್ಕೇ ಒಬ್ಳ್ ಬೆರಳೇ ಹೋತು, ನನ್ ಕಣ್ಣೆದ್ರುಗೆ," ಎಂದಳು. ಅಷ್ಟು ಮಾತಿಗೇ ಉಸಿರು ಕಟ್ಟಿ ಸ್ಟೀರಿಂಗ್ ಹಿಡಿದುಕೊಂಡಳು. "ನನ್ ಕೈಲಿ ಕೂಗಕ್ಕಾಗಲ್ಲ. ಹಾರ್ನ್ ಒತ್ತುತೀನಿ. ಹಾರ್ನ್ ಕೇಳ್ತಾ, ಕೈ ತೆಗ್ದುಬುಡು."

ಅಂದಿನಿಂದ ಅದೇ ಕಟ್ಟಳೆ. ನಾನು ಪಂಪು ಹಿಸುಕುತ್ತಿದ್ದೆ. ಮೊದಮೊದಲು ಮೆತ್ತಗೆ ಒಳಗೆ ಹೋಗುವ ರಬ್ಬರು ಗಾಳಿಯೆಲ್ಲ ಹೋದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. "ಅಕ್ಕಾ, ಸರಿ!" ಎನ್ನುತ್ತಿದ್ದೆ. ಆ ಕಡೆ ಒಂದು ಕ್ಷಣ ಮೌನ, ದೀಪ ಆರುವುದನ್ನು ಅವಳು ಕಾಯುತ್ತಿರುವ ಮೌನ. ಆಮೇಲೆ ಒಂದು ಚಿಕ್ಕ ಹಾರ್ನು. ನಾನು ಕೈ ತೆಗೆಯುತ್ತಿದ್ದೆ. ಎಂಜಿನ್ ಗುಡುಗುಡು ಎಂದು ಸ್ಟಾರ್ಟ್ ಆಗುತ್ತಿತ್ತು. ಬಾನೆಟ್ ಇಳಿಸಿದರೆ ಗಾಜಿನ ಆಚೆ ಅಕ್ಕ, ಮೂಗಿನಲ್ಲಿ ಟ್ಯೂಬು, ಎರಡೂ ಕೈ ಸ್ಟೀರಿಂಗಿನ ಮೇಲೆ. ತಾನೇ ಕೊಯಮತ್ತೂರಿನವರೆಗೆ ಓಡಿಸುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದಳು. ಓನರಮ್ಮ ಎಂದು ರೇಗಿಸಿದರೆ, ಡ್ರೈವರು ಜಾಸ್ತಿ ಮಾತಾಡಬಾರದು ಎನ್ನುತ್ತಿದ್ದಳು. ಕಾಯಿಲೆಯ ಆ ಕಾಲದಲ್ಲಿ ಅವಳಿಗೆ ಉಳಿದಿದ್ದ ಒಂದೇ ಕೆಲಸ ಅದು. ಅದನ್ನು ಅವಳು ಎಷ್ಟು ಪ್ರೀತಿಸುತ್ತಿದ್ದಳು ಎಂದರೆ, ಗಾಳಿ ಹಿಡಿಯದ ದಿನವೂ ನಾನು ಹಿಡಿದಿದೆ ಎಂದು ಸುಳ್ಳು ಹೇಳಿ ಬಾನೆಟ್ ಎತ್ತುತ್ತಿದ್ದೆ.

ಒಮ್ಮೆ ಆಸ್ಪತ್ರೆಯಿಂದ ಬರುವಾಗ ನಮ್ಮನ್ನು ದಾಟಿಕೊಂಡು ಒಂದು ಆಂಬುಲೆನ್ಸ್ ಹೋಯಿತು. ಅಕ್ಕ ಅದು ಮರೆಯಾಗುವವರೆಗೂ ನೋಡುತ್ತಿದ್ದಳು.

"ಊರ್‌ಗೆಲ್ಲಾ ಕೇಳಂಗೆ ಕೂಗ್ಕಂಡು ಹೋಗಾದು ನಂಗೆ ಬ್ಯಾಡಡಾ. ಹೋಗಾಗ್ಲೂ ಬರಾಗ್ಲೂ ನಿನ್ ಗಾಡಿಲೇ ಕರ್ಕಂಡು ಬಾ," ಎಂದಳು.

ಆಗಲಿ ಎಂದೆ. ಗಾಡಿ ನನ್ನ ಕೈಯಲ್ಲಿದೆ, ಗಾಳಿ ಬಿಡಿಸುವುದನ್ನು ಕಲಿತಿದ್ದೇನೆ, ಇನ್ನೇನು ಬೇಕು ಎಂದುಕೊಂಡಿದ್ದೆ.

ಅವಳಿಗೆ ಉಬ್ಬಸ ತೀರಾ ಜೋರಾದ ಆ ಬೆಳಿಗ್ಗೆ, ತುಟಿ ನೀಲಿಯಾಗಿದ್ದರೂ ಅವಳು ಹಿಂದಿನ ಸೀಟಿನಲ್ಲಿ ಕೂರಲು ಒಪ್ಪಲಿಲ್ಲ. ಮೊದಲು ಡ್ರೈವರ್ ಸೀಟಿಗೇ ಹೋದಳು. ನಾನು ಪಂಪು ಹಿಸುಕಿ ಕೂಗಿದೆ. ಹಾರ್ನು ಬಂತು, ಎಂದಿಗಿಂತ ಸ್ವಲ್ಪ ತಡವಾಗಿ ಬಂತು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆಮೇಲೆ ಅವಳನ್ನು ಹಿಂದಿನ ಸೀಟಿಗೆ ಕೂರಿಸಿ ಹೊರಟೆ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ನೀಲಂಬೂರು ದಾಟಿದಾಗ ಅಕ್ಕ ಹಿಂದಿನಿಂದ ನನ್ನ ಭುಜ ತಟ್ಟಿದಳು.

ಆಸ್ಪತ್ರೆಗೆ ಸೇರಿಸಿದ ಮೇಲೆ ಅವಳು ಕೆಲವು ದಿನ ಇದ್ದಳು. ಆಮೇಲೆ ಹೋಗಿಬಿಟ್ಟಳು. ಗಾಡಿ ಕೈಕೊಟ್ಟಿದ್ದರೆ ಅದನ್ನಾದರೂ ಬೈದುಕೊಂಡು ಬದುಕಿರುತ್ತಿದ್ದೆ. ಅದು ಕೈಕೊಡಲಿಲ್ಲ. ನಾನು ಕಲಿತದ್ದೆಲ್ಲ ಸರಿಯಾಗಿತ್ತು, ಒಂದು ತಿರುಪೂ ಸಡಿಲವಾಗಿರಲಿಲ್ಲ, ಆದರೂ ಅಕ್ಕ ಉಳಿಯಲಿಲ್ಲ. ಈ ಸಂಕಟವನ್ನು ಯಾರ ಮೇಲೆ ಹಾಕಲಿ?

ಶವವನ್ನು ಸ್ವಂತ ಕಾರಿನಲ್ಲಿ ಕಳಿಸುವುದಿಲ್ಲ ಎಂದರು ಆಸ್ಪತ್ರೆಯವರು. ಬೇಡಿಕೊಂಡೆ, ಜಗಳವಾಡಿದೆ, ನನ್ನ ಬಾಯಿ ಯಾವಾಗಲೂ ಜೋರು. ಏನೂ ನಡೆಯಲಿಲ್ಲ. ಅವಳನ್ನು ವ್ಯಾನಿನಲ್ಲಿ ಮಲಗಿಸಿದರು. ಹೆಂಡತಿ ಅವಳ ಪಕ್ಕದಲ್ಲಿ ಕೂತಳು. ವ್ಯಾನು ಮುಂದೆ, ನಾನು ಖಾಲಿ ಕಾರಿನಲ್ಲಿ ಹಿಂದೆ. ಸೈರನ್ ಹಾಕಬೇಡಿ ಎಂದು ಡ್ರೈವರನ್ನು ಕೇಳಿಕೊಂಡಿದ್ದೆ. ಅಷ್ಟನ್ನು ಅವನು ನಡೆಸಿಕೊಟ್ಟ.

ಕಾರ್ಯಗಳೆಲ್ಲ ಮುಗಿದ ಮೇಲೆ ಗಾಡಿ ಟಾರ್ಪಾಲಿನ ಕೆಳಗೆ ನಿಂತೇ ಇತ್ತು. ನಿಂಬೆಹಣ್ಣು ಒಣಗಿ ಕಪ್ಪಾಗಿತ್ತು.

"ಮಾರಿಬಿಡೋಣ ರೀ, ನೋಡಿದಾಗೆಲ್ಲ ಅವರೇ ನೆನಪಾಗ್ತಾರೆ," ಎಂದಳು ಹೆಂಡತಿ.

ಮಾರುವುದಾದರೂ ಅದು ಓಡಬೇಕಲ್ಲ. ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ಟಾರ್ಪಾಲು ತೆಗೆದೆ. ಕೀಲಿ ತಿರುಗಿಸಿದರೆ ಬರೀ ಕೊರಕೊರ. ಅಷ್ಟು ದಿನ ನಿಂತದ್ದಕ್ಕೆ ಮತ್ತೆ ಗಾಳಿ ಹಿಡಿದಿತ್ತು. ಇಳಿದು ಬಾನೆಟ್ ಎತ್ತಿದೆ. ಕೈ ತಾನಾಗಿಯೇ ಪಂಪಿಗೆ ಹೋಯಿತು. ಮೆತ್ತಗಿತ್ತು. ಹಿಸುಕಿದೆ, ಹಿಸುಕುತ್ತಲೇ ಇದ್ದೆ. ನಿಧಾನವಾಗಿ ಅದು ತುಂಬಿಕೊಂಡು ಗಟ್ಟಿಯಾಯಿತು.

"ಅಕ್ಕಾ, ಸರಿ!" ಎಂದೆ.

ಅಂದ ಮೇಲೆ ಗೊತ್ತಾಯಿತು. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ. ಬಾನೆಟ್ ಎತ್ತಿದ್ದಾಗ ಆ ಕಡೆಯ ಸೀಟು ಯಾವತ್ತೂ ನನಗೆ ಕಂಡದ್ದಿಲ್ಲ. ಈ ಕಡೆ ನಿಂತವನಿಗೆ ಎಲ್ಲವೂ ಹಿಂದಿನ ಹಾಗೆಯೇ ಇತ್ತು, ಆ ಮೌನ ಕೂಡ. ದೀಪ ಆರುವಷ್ಟು ಹೊತ್ತು ಕಾದೆ. ಅದಕ್ಕಿಂತ ಹೆಚ್ಚೇ ಕಾದೆ. ಹಾರ್ನು ಬರಲಿಲ್ಲ. ಬೀದಿಯ ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂಬ ಧೈರ್ಯದಲ್ಲಿ ಅಲ್ಲೇ ನಿಂತು ಅತ್ತುಬಿಟ್ಟೆ.

ಆಮೇಲೆ ಸುತ್ತಿ ಬಂದು ಅವಳು ಕೂರುತ್ತಿದ್ದ ಸೀಟಿನಲ್ಲಿ ಕೂತೆ. ಕೀಲಿಯನ್ನು ಅರ್ಧ ತಿರುಗಿಸಿದೆ. ಹಳದಿ ದೀಪ ಹತ್ತಿತು, ಆರಿತು. ಬಾನೆಟ್ಟಿನ ಕೆಳಗೆ ಯಾರ ಕೈಯೂ ಇರಲಿಲ್ಲ. ಆದರೂ ಒಂದು ಸಲ ಹಾರ್ನ್ ಒತ್ತಿ, ಆಮೇಲೆ ಕೀಲಿ ತಿರುಗಿಸಿದೆ.