ಖಾಲಿ ಕಳಿಸಬಾರದ ಡಬ್ಬಿ

ಇಲ್ಲಿ ಕಸದ ಡಬ್ಬವನ್ನೂ ಹಗ್ಗ ಬಿಗಿದು ಗೋಡೆಗೆ ಕಟ್ಟುತ್ತಾರೆ. ಬಂದ ದಿನ ಅದನ್ನು ನೋಡಿ, ಕಸವನ್ನೂ ಬಿಡದ ಕಳ್ಳರ ಊರಿಗೆ ಬಂದೆನಲ್ಲ ಅಂದುಕೊಂಡೆ. ಕಳ್ಳರಲ್ಲ, ಗಾಳಿ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಈ ಆರ್ಕ್ನಿ ದ್ವೀಪಗಳಲ್ಲಿ ಗಿಡಮರ ಕಡಿಮೆ. ಜೋಳ ಕೊಯ್ದ ಮೇಲಿನ ನಮ್ಮ ಅಫಜಲಪುರದ ಎರೆಹೊಲದಂತೆ ಬರೀ ಬಯಲು, ಬಯಲಿನ ಕೊನೆಗೆ ಸಮುದ್ರ.

ನಾನು ಓದಲು ಬಂದಿರುವುದೂ ದ್ವೀಪಗಳ ಬಗ್ಗೆಯೇ. ದ್ವೀಪವೆಂದರೆ ನೀರು ಸುತ್ತುವರಿದ ಒಂಟಿ ನೆಲ ಎಂದು ಶಾಲೆಯಲ್ಲಿ ಉರು ಹೊಡೆದಿದ್ದೆವಲ್ಲ, ಈಗಿನ ಎಷ್ಟೋ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ನೀರು ಗೋಡೆಯಲ್ಲ, ದಾರಿ. ದ್ವೀಪ ಅರ್ಥವಾಗಬೇಕಾದರೆ ದೋಣಿ ಏನು ತರುತ್ತದೆ, ಏನು ಒಯ್ಯುತ್ತದೆ ನೋಡಿ ಎನ್ನುತ್ತಾರೆ. ಭೀಮಾ ನದಿ ತುಂಬಿದರೆ ದಾರಿ ಮುಚ್ಚುವುದನ್ನಷ್ಟೇ ಕಂಡ ನನಗೆ ಇದು ತಲೆಗೆ ಹತ್ತಲು ಹೊತ್ತು ಹಿಡಿಯಿತು. ಆಮೇಲೆ ದೋಣಿಗಳನ್ನು ನೋಡಿದೆ. ನೋಡಿ ಹೊಟ್ಟೆ ಉರಿದುಕೊಂಡೆ.

ನನ್ನ ಜೊತೆ ಓದುವ ಐಲ್ಸಾಳಿಗೆ ಪಕ್ಕದ ದ್ವೀಪದಿಂದ ಅವಳಮ್ಮ ಪ್ರತಿ ಶನಿವಾರ ದೋಣಿಯಲ್ಲಿ ಡಬ್ಬಿ ಕಳಿಸುತ್ತಾಳೆ. ಒಳಗೆ ಬ್ಯಾನಕ್, ಅಂದರೆ ಇಲ್ಲಿನ ಬಾರ್ಲಿ ಹಿಟ್ಟಿನ ದಪ್ಪ ರೊಟ್ಟಿ. ಐಲ್ಸಾ ಮಹಾರಾಯಿತಿ ಅದನ್ನು ಮೇಜಿನ ಮೇಲೆ ಒಣಗಲು ಬಿಡುತ್ತಿದ್ದಳು! ರೊಟ್ಟಿ ಬಡಿಯುವ ಸದ್ದು ಕೇಳದೆ ನನಗೆ ತಿಂಗಳುಗಳೇ ಆಗಿದ್ದವು. ಅವಳನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಒಮ್ಮೆ ಅವಳು ಡಬ್ಬಿಯನ್ನು ನನ್ನ ಕಡೆ ತಳ್ಳಿ, "ನೀನೇ ತಿನ್ನು, ತೊಳೆದು ದೋಣಿಯವರ ಕೈಗೆ ಕೊಟ್ಟುಬಿಡು" ಎಂದಳು. ತಿಂದೆ, ತೊಳೆದೆ. ಆದರೆ ಬಂದ ಡಬ್ಬಿಯನ್ನು ಖಾಲಿ ಹೇಗೆ ಕಳಿಸುವುದು? ನಮ್ಮಲ್ಲಿ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯಲ್ಲಿ ಉಳಿದಿದ್ದನ್ನು ಸುರಿದು ಕಳಿಸಿದೆ. ಮುಂದಿನ ಶನಿವಾರ ಡಬ್ಬಿಯ ಮೇಲೆ ನನ್ನ ಹೆಸರಿತ್ತು! ನಾನು ಅದರಲ್ಲಿ ಶೇಂಗಾದ ಉಂಡಿ ತುಂಬಿದೆ. ಹೀಗೇ ನಡೆಯಿತು.

"ಅಮ್ಮ ಫೋನಿನಲ್ಲಿ ಮೊದಲು ನಿನ್ನನ್ನೇ ಕೇಳುತ್ತಾಳೆ" ಎಂದು ಐಲ್ಸಾ ಒಂದು ದಿನ ಮುಖ ಗಂಟಿಕ್ಕಿದಳು. ಸುಳ್ಳೇಕೆ ಹೇಳಲಿ, ನನಗೆ ಹಬ್ಬವಾಯಿತು.

ಅದೇ ಖುಷಿಯಲ್ಲಿ ನಮ್ಮೂರು ಸೊನ್ನದಲ್ಲಿರುವ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ಅಂಗನವಾಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು.

"ನನ್ನ ಹಿಂಡಿ ಆಕಿಗಿ ಕೊಟ್ಟಿ?"

"ಡಬ್ಬಿ ಖಾಲಿ ಕಳಿಸಬಾರ್ದು ಅಂತ ನೀನೇ ಹೇಳಿದ್ದೆಲ್ಲವ್ವಾ."

"ಆಕಿ ರೊಟ್ಟಿ ಭಾಳ ರುಚಿ ಅದ ಏನ್?"

"ನಿನ್ನ ರೊಟ್ಟಿಗಿ ಎಲ್ಲಿ ಸರಿ ಬರ್ತದ?"

"ಹಂಗಂದ್ರ ವಾರಾವಾರಾ ಯಾಕ ತಿನ್ನಾಕತ್ತಿ?"

ಆ ದನಿಯಲ್ಲಿದ್ದ ಉರಿ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಮತ್ತೆ ಅವಳೇ ಕೇಳಿದಳು, "ಹೋಗೋವಾಗ ನನ್ನ ಸ್ಟೀಲ್ ಡಬ್ಬಿ ಒಯ್ದಿದ್ದೆಲ್ಲ, ಎಲ್ಲದ ಅದು?"

"ಇಲ್ಲೇ ಅದ."

"ಬರೋವಾಗ ತೊಗೊಂಡ್ ಬಾ. ಖಾಲಿ ತರಬ್ಯಾಡ ಮತ್ತ."

ಏನು ತುಂಬಲಿ? ಅಂಗಡಿಯ ಬಿಸ್ಕೀಟು ಅವ್ವನಿಗೆ ಲೆಕ್ಕಕ್ಕಿಲ್ಲ. ಬ್ಯಾನಕ್ ಅಂತೂ ಮಾತೇ ಬೇಡ. ನನ್ನ ಕೈಯದೇ ಇರಲಿ ಎಂದು ಮೊನ್ನೆ ಇಲ್ಲಿನ ಬಾರ್ಲಿ ಹಿಟ್ಟು ಕಲಸಿ, ಅವ್ವನ ಹಾಗೆ ತೆಳ್ಳಗೆ ಬಡಿದು, ಸುಟ್ಟು, ಖಟಕ್ಕಾಗುವಂತೆ ಒಣಗಿಸಿದೆ. ಐಲ್ಸಾಳ ಅಮ್ಮನಿಗೂ ಎರಡು ಕಳಿಸಿದೆ. "ನಿಮ್ಮೂರಿನ ರೊಟ್ಟಿ ಚೆನ್ನಾಗಿದೆ" ಎಂದು ಹೇಳಿ ಕಳಿಸಿದಳು.

ಅವ್ವನಿಗೆ ವಿಡಿಯೋದಲ್ಲಿ ತೋರಿಸಿದೆ. ಹತ್ತಿರ ಹಿಡಿ ಅಂದಳು, ಹಿಂದೆ ಮುಂದೆ ತಿರುಗಿಸು ಅಂದಳು. ಆಮೇಲೆ ಮುಖ ತಿರುಗಿಸಿಕೊಂಡು, "ಇದು ಆಕಿ ರೊಟ್ಟಿ" ಅಂದಳು.